ಮೇಡನ್ನೋ, ಮೆಟಾಲಿಕಾನೋ? ಮುಗಿಯದ ಜಗಳ

ಹೊಸೂರು: ಇಲ್ಲಿಂದ ಬೆಂಗಳೂರಿಗೆ ನಲವತ್ತೇ ಕಿ.ಮೀ. ರಾಕ್ ಹುಚ್ಚು ಹತ್ತಿದ ಗಡಿಯ ಹುಡುಗರಿಗೆ ಅಷ್ಟು ಸಾಕಿತ್ತು. ಈಗ ಅವರಿಗೂ ತಲೆ ನರೆತಿದೆ, ವಾದ ಮಾತ್ರ ನಿಂತಿಲ್ಲ.

2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬ್ರಿಟನ್ನಿನ ಐರನ್ ಮೇಡನ್ ಬಂತು. 2009ರಲ್ಲಿ ಮತ್ತೆ ಬಂತು; ಆ ಪ್ರವಾಸದಲ್ಲಿ ತಂಡದ ವಿಮಾನ ಹಾರಿಸಿದ್ದು ಗಾಯಕ ಬ್ರೂಸ್ ಡಿಕಿನ್ಸನ್ನೇ! ಮೇಡನ್ ಕಡೆಯವರು ಸೋಲುವಾಗೆಲ್ಲ ಎಸೆಯೋ ತುರುಪು ಇದು.

ಮೆಟಾಲಿಕಾದವರ ತುರುಪು 2011ರ ಅಕ್ಟೋಬರ್ 30. ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರ್‌ಗಾಂವ್ ಕಾರ್ಯಕ್ರಮ ರದ್ದಾಗಿತ್ತು. ಇಲ್ಲೂ ಕೈ ಕೊಡ್ತಾರೇನೋ ಅಂತ ಟಿಕೆಟ್ ಕೊಂಡವರ ಎದೆ ಡವಡವ. ಕೈ ಕೊಡಲಿಲ್ಲ.

ಆದರೆ ಇವರಲ್ಲೇ ಎರಡು ಬಣ. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಮುಂದೆ ಉಳಿದದ್ದೆಲ್ಲ ಸಪ್ಪೆ ಅನ್ನೋರು ಒಂದು ಕಡೆ. ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ನುಡಿಸಿದ ಕೊನೆಯ ಆಲ್ಬಂ ಅದು. ಅದೇ ವರ್ಷ ಸ್ವೀಡನ್ನಿನಲ್ಲಿ ಬಸ್ ಮಗುಚಿ ಆತ ತೀರಿಕೊಂಡ. 1991ರ ಕಪ್ಪು ಹೊದಿಕೆಯ ಆಲ್ಬಂ ಊರಿಗೆಲ್ಲ ಹಿಡಿಸೋ ಹಾಗೆ ಮಾಡಿದ್ದು ಅಂತ ಇವರ ಮೂದಲಿಕೆ. ಅದನ್ನು ಕೇಳಿಯೇ ತಾನೆ ನೀವೂ ಈ ಕಡೆ ಬಂದಿದ್ದು ಅಂತ ಇನ್ನೊಂದು ಬಣ. ಈ ಮಾತಿಗೆ ಉತ್ತರ ಕಡಿಮೆ.

ಪರೀಕ್ಷೆ, ದುಡ್ಡು, ರಾತ್ರಿ ವಾಪಸ್ ಬರೋದು ಹೇಗೆ ಎಂಬ ಚಿಂತೆಯಲ್ಲಿ ಎರಡೂ ಸಲ ಮೇಡನ್ ತಪ್ಪಿಸಿಕೊಂಡವರು ಮುಂದಿನ ಸಲಕ್ಕೆ ಕಾದರು. 2024ರ ಡಿಸೆಂಬರಲ್ಲಿ ಡ್ರಮ್ಮಿನ ನಿಕೋ ಮೆಕ್‌ಬ್ರೈನ್ ಪ್ರವಾಸಗಳಿಂದ ನಿವೃತ್ತನಾದ. ಅವತ್ತು ಮೆಟಾಲಿಕಾದವರೂ ಜಗಳ ತೆಗೆಯಲಿಲ್ಲ.