ಟೆರೇಸಿನಲ್ಲಿ ಹತ್ತು ಚೀಲ, ಐದು ಟೊಮೆಟೊ ತಳಿ

ನಮ್ಮ ಕಡೆ ಹಿರಿಯರ ಬಾಯಲ್ಲಿ ‘ಹೈಬ್ರಿಡ್’ ಅನ್ನುವುದು ಹೆಚ್ಚುಕಡಿಮೆ ಒಂದು ಬೈಗುಳ. ಕೋಳಿಗೂ ಸಲ್ಲುತ್ತದೆ, ಕೊತ್ತಂಬರಿ ಸೊಪ್ಪಿಗೂ ಸಲ್ಲುತ್ತದೆ, ಈಗಿನ ಕಾಲದ ಹುಡುಗರಿಗೂ ಸಲ್ಲುತ್ತದೆ. ಆದರೆ ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡಿರುವುದು ಟೊಮೆಟೊ. ಅಮ್ಮ ಮುಳಬಾಗಿಲು ಕಡೆಯ ಊರು ಬಿಟ್ಟು ಪುಣೆಯಲ್ಲಿ ನಮ್ಮ ಜೊತೆ ಇರಲು ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ಇದು ದಿನನಿತ್ಯದ ಮಾತಾಯಿತು. “ಬಣ್ಣ ಒಂದಿದೆ, ಹುಳೀನೇ ಇಲ್ಲ. ಸಾರು ಮಾಡಿದ್ರೆ ಬಿಸಿನೀರು ಕುಡಿದ ಹಾಗಿರುತ್ತೆ ಕಣೋ” ಎನ್ನುತ್ತಿದ್ದಳು. ಬೇರೆ ಯಾವುದಕ್ಕೂ ದೂರು ಹೇಳುವವಳಲ್ಲ. ಆದರೆ ನಾಲ್ಕು ತುತ್ತಿಗೇ ತಟ್ಟೆ ಸರಿಸುವುದು ನಮಗೆ ಕಾಣುತ್ತಿತ್ತು.

ಇನ್ನೊಂದು ಕಡೆ, ಊರಿನಲ್ಲಿರುವ ಚಿಕ್ಕಪ್ಪ ಹೈಬ್ರಿಡ್ ಟೊಮೆಟೊ ಬೆಳೆದು ವಡ್ಡಹಳ್ಳಿ ಮಾರುಕಟ್ಟೆಗೆ ಹಾಕುವವರು. ಅಮ್ಮನ ದೂರು ಹೇಳಿದರೆ ಫೋನಿನಲ್ಲೇ ನಕ್ಕರು. “ನಾಟಿ ಹಣ್ಣು ಕಳಿಸಿದ್ರೆ ನಿಮ್ಮೂರಿಗೆ ಬರೋಷ್ಟರಲ್ಲಿ ರಸ ಆಗಿರುತ್ತೆ. ರಸಕ್ಕೆ ಯಾರಪ್ಪ ಬಾಕ್ಸಿನ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ?” ಎಂದರು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದ್ದು ನಮಗೆಲ್ಲ ನೆನಪಿದೆ. ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುವುದು ಮಾತ್ರ ಊರು ಬಿಟ್ಟ ನಮಗೆ ಅಷ್ಟು ಬೇಗ ನೆನಪಾಗುವುದಿಲ್ಲ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಇಬ್ಬರೂ ಸರಿ ಅನ್ನಿಸಿದಾಗ ಅಕ್ಕಪಕ್ಕ ಇಟ್ಟು ಪರೀಕ್ಷಿಸುವುದೊಂದೇ ನನಗೆ ಗೊತ್ತಿರುವ ದಾರಿ.

ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ಹೈಬ್ರಿಡ್ ಎಂದರೆ ಕುಲಾಂತರಿ ಅಲ್ಲ. ಭಾರತದಲ್ಲಿ ಕುಲಾಂತರಿ ಟೊಮೆಟೊವನ್ನು ಯಾರೂ ವ್ಯಾಪಾರಕ್ಕೆ ಬೆಳೆಯುತ್ತಿಲ್ಲ. ಎರಡು ಶುದ್ಧ ತಳಿಗಳನ್ನು ಕೈಯಿಂದ ಪರಾಗಸ್ಪರ್ಶ ಮಾಡಿ ಪಡೆದ ಮೊದಲ ತಲೆಮಾರಿನ ಬೀಜವೇ ಎಫ್ 1 ಹೈಬ್ರಿಡ್. ಇದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಮನಮೋಹನ್ ಅತ್ತಾವರ ಅವರು ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ಬಿಡುಗಡೆ ಮಾಡಿದ ಹೈಬ್ರಿಡ್ ಟೊಮೆಟೊದ ಹೆಸರೇ ‘ಕರ್ನಾಟಕ’. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದೂ ಅದೇ ವರ್ಷ.

ನಾನು ಆರಿಸಿಕೊಂಡದ್ದು ಐದು ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ಹೈಬ್ರಿಡ್, ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್. ಅದೇ ಸಂಸ್ಥೆಯ ಹೈಬ್ರಿಡ್ ಅಲ್ಲದ ಅರ್ಕಾ ವಿಕಾಸ್. ಪುಣೆಯ ಬೀಜದಂಗಡಿಯಲ್ಲಿ ಸಿಕ್ಕ ಒಂದು ಚೆರ್ರಿ ಹೈಬ್ರಿಡ್. ಮತ್ತೆ ಅಮ್ಮ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದಿದ್ದ ನಾಟಿ ಬೀಜ. ಒಂದೊಂದಕ್ಕೆ ಎರಡು ಚೀಲ. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ಎರೆಗೊಬ್ಬರ, ಮಧ್ಯಾಹ್ನ ಒಂದು ಗಂಟೆಯವರೆಗೆ ಒಂದೇ ಬಿಸಿಲು. ಗಣೇಶನ ಹಬ್ಬ ಮುಗಿದ ಮೇಲೆ ಬಿತ್ತಿ, ಅಕ್ಟೋಬರ್ ಮಧ್ಯದಲ್ಲಿ ಸಸಿ ಕಿತ್ತು ನೆಟ್ಟೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕೊಯ್ದದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ.

ಇಳುವರಿಯ ಲೆಕ್ಕ ಬೇಗ ಮುಗಿಯುತ್ತದೆ. ಎರಡೆರಡು ಗಿಡ ಸೇರಿ ಸಾಮ್ರಾಟ್ 6.1 ಕೆಜಿ, ರಕ್ಷಕ್ 5.8, ವಿಕಾಸ್ 3.9, ಚೆರ್ರಿ 3.2. ನಾಟಿಯಲ್ಲಿ ಉಳಿದದ್ದು ಒಂದೇ ಗಿಡ, ಕೊಟ್ಟದ್ದು 1.6 ಕೆಜಿ. ರಕ್ಷಕ್ ಒಂದು ಗಿಡಕ್ಕೆ 19 ಕೆಜಿ ಬಿಟ್ಟಿತೆಂದು ಹಿಂದೆ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಹೆಕ್ಟೇರಿಗೆ 75ರಿಂದ 80 ಟನ್ ಎನ್ನುವುದು ಸಂಸ್ಥೆಯ ಮಾತು. ಅದೆಲ್ಲ ಹೊಲದ ಲೆಕ್ಕ, ಹನಿ ನೀರಾವರಿ ಮತ್ತು ಬೇರಿಗೆ ಬೇಕಾದಷ್ಟು ಜಾಗ ಇದ್ದಾಗಿನ ಲೆಕ್ಕ. ಚೀಲದಲ್ಲಿ ಬೇರು ನಿಂತಲ್ಲಿ ಗಿಡವೂ ನಿಲ್ಲುತ್ತದೆ. ಚೀಲ, ಮಣ್ಣು, ಗೊಬ್ಬರ, ಕಡ್ಡಿ ಎಲ್ಲ ಸೇರಿ ನನಗೆ ಸುಮಾರು 4,200 ರೂಪಾಯಿ ಖರ್ಚಾಯಿತು. ಅಂದರೆ ಕೆಜಿಗೆ 200ರ ಮೇಲೆ. ಹಣ ಉಳಿಸಲು ಟೊಮೆಟೊ ಬೆಳೆಯುತ್ತೇನೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ಹೈಬ್ರಿಡ್‌ನ ನಿಜವಾದ ಉಪಕಾರ ತೂಕದಲ್ಲಿಲ್ಲ, ಗಿಡ ಬದುಕುವುದರಲ್ಲಿದೆ. ನವೆಂಬರಿನಲ್ಲಿ ಬಿಳಿ ನೊಣ ಬಂತು. ಎಲೆ ಮುರುಟು ರೋಗದ ವೈರಸ್ಸನ್ನು ಹೊತ್ತು ತಿರುಗುವುದು ಅದೇ. ಹತ್ತು ದಿನದಲ್ಲಿ ನಾಟಿಯ ಒಂದು ಗಿಡದ ಎಲೆಗಳೆಲ್ಲ ಮುದುಡಿ ಬೆಳವಣಿಗೆ ನಿಂತುಹೋಯಿತು. ಅಮ್ಮ ಅದನ್ನು ಕೀಳಲು ಬಿಡದೆ ಮೂರು ದಿನ ಬೇವಿನೆಣ್ಣೆ ಸಿಂಪಡಿಸಿ, ನಾಲ್ಕನೇ ದಿನ ತಾನೇ ಕಿತ್ತು ಹಾಕಿದಳು. ಪಕ್ಕದಲ್ಲೇ ಇದ್ದ ರಕ್ಷಕ್ ಮತ್ತು ಸಾಮ್ರಾಟ್‌ಗೆ ಏನೂ ಆಗಲಿಲ್ಲ. ಎಲೆ ಮುರುಟು, ದುಂಡಾಣು ಸೊರಗು, ಅಂಗಮಾರಿ ಈ ಮೂರೂ ರೋಗಗಳನ್ನು ತಡೆದುಕೊಳ್ಳಲೆಂದೇ ಡಾ. ಎ.ಟಿ. ಸದಾಶಿವ ಮತ್ತು ಅವರ ಜೊತೆಗಾರರು ರೂಪಿಸಿದ ತಳಿ ರಕ್ಷಕ್. ಔಷಧಿ ಹೊಡೆಯಲು ಮನಸ್ಸಿಲ್ಲದ ಟೆರೇಸ್ ತೋಟದವರಿಗೆ ಇದಕ್ಕಿಂತ ಇನ್ನೇನು ಬೇಕು?

ಇನ್ನು ರುಚಿ. ಮನೆಯವರು ನಾಲ್ವರು, ಜೊತೆಗೆ ಎದುರು ಮನೆಯ ಮರಾಠಿ ಕಾಕು. ತಟ್ಟೆಗೆ ನಂಬರ್ ಹಾಕಿ, ಯಾವುದು ಯಾವ ತಳಿ ಎಂದು ಹೇಳದೆ ಕೊಟ್ಟೆ. ಹಸಿಯಾಗಿ ತಿನ್ನಲು ಚೆರ್ರಿಗೆ ಐವರ ವೋಟೂ ಬಿತ್ತು, ಮಗಳು ತಟ್ಟೆಯನ್ನೇ ಎತ್ತಿಕೊಂಡು ಹೋದಳು. ನಾಟಿಯನ್ನು ಕಚ್ಚಿ ಮುಖ ಕಿವುಚಿದಳು. ಸಾಮ್ರಾಟ್‌ಗೂ ರಕ್ಷಕ್‌ಗೂ ವ್ಯತ್ಯಾಸ ಹೇಳಲು ಯಾರಿಗೂ ಆಗಲಿಲ್ಲ.

ಸಾರಿನಲ್ಲಿ ಕಥೆ ತಿರುಗಿತು. ಒಂದೇ ಬೇಳೆಕಟ್ಟು, ಒಂದೇ ಸಾರಿನಪುಡಿ, ಹುಣಸೆಹಣ್ಣು ಇಲ್ಲ, ಒಂದೊಂದಕ್ಕೆ ಕಾಲು ಕೆಜಿ ಹಣ್ಣು. ನಾಟಿ ಮೊದಲು, ವಿಕಾಸ್ ಎರಡನೆಯದು, ಹೈಬ್ರಿಡ್ ಜೋಡಿ ಆಮೇಲೆ. ಚೆರ್ರಿ ಸಾರನ್ನು ಅಮ್ಮ “ಪಾಯಸಕ್ಕೆ ಉಪ್ಪು ಹಾಕಿದ್ದೀಯ” ಎಂದು ಪಕ್ಕಕ್ಕಿಟ್ಟಳು.

ಕಾರಣ ಹಣ್ಣನ್ನು ಅಡ್ಡ ಕೊಯ್ದರೆ ಕಾಣುತ್ತದೆ. ಟೊಮೆಟೊದ ಹುಳಿಯೂ, ನಾಲಿಗೆಗೆ ಹಿಡಿಯುವ ಗ್ಲುಟಮೇಟ್ ಎಂಬ ಸವಿಯ ಅಂಶವೂ ಗಟ್ಟಿ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿ ಹೆಚ್ಚು. ಅಮ್ಮನ ನಾಟಿ ಹಣ್ಣಿನಲ್ಲಿ ಅರ್ಧ ಲೋಳೆಯೇ. ಲಾರಿ ಪಯಣಕ್ಕೆಂದು ಮಾಡಿದ ಹಣ್ಣಿನಲ್ಲಿ ಗೋಡೆ ದಪ್ಪ, ಲೋಳೆ ಕಡಿಮೆ. ಚಿಕ್ಕಪ್ಪ ಹೇಳಿದ ‘ರಸ ಆಗುವುದು’ ಮತ್ತು ಅಮ್ಮ ಹುಡುಕುವ ಹುಳಿ, ಎರಡೂ ಒಂದೇ ವಸ್ತು!

ಬಣ್ಣದ ಕಥೆಯೂ ಇದೆ. ನಾಟಿ ಕಾಯಿಯ ತೊಟ್ಟಿನ ಸುತ್ತ ಕಡು ಹಸಿರು ಇರುತ್ತದೆ. ಹಣ್ಣು ಒಂದೇ ಸಮ ಕೆಂಪಾಗಲೆಂದು ತಳಿಗಾರರು ದಶಕಗಳ ಕಾಲ ಆ ಹಸಿರು ಇಲ್ಲದ ಗಿಡಗಳನ್ನೇ ಆರಿಸಿದರು. ಆ ಆಯ್ಕೆಯಲ್ಲಿ ಕೆಟ್ಟುಹೋದ ಜೀನ್ ಕಾಯಿಯೊಳಗೆ ಹಸಿರು ಕಣಗಳನ್ನು ಬೆಳೆಸಿ ಸಕ್ಕರೆ ಹೆಚ್ಚಿಸುವಂಥದ್ದು ಎಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋಡಲು ಚೆಂದದ ಹಣ್ಣನ್ನು ನಾವೇ ಆರಿಸಿ ಬುಟ್ಟಿಗೆ ಹಾಕಿಕೊಂಡೆವು, ರೈತ ಅದನ್ನೇ ಬೆಳೆದ. ಇದರಲ್ಲಿ ಅವನನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ.

ನನಗೆ ಅಚ್ಚರಿಯಾದದ್ದು ಕೊನೆಯ ಪರೀಕ್ಷೆ. ರಕ್ಷಕ್ ಗಿಡದಿಂದಲೇ ಕೆಲವು ಬಲಿತ ಹಸಿರು ಕಾಯಿ ಕಿತ್ತು ಅಕ್ಕಿ ಡಬ್ಬದ ಪಕ್ಕ ಹಣ್ಣು ಮಾಡಿದೆ. ಉಳಿದವನ್ನು ಕೈ ಮುಟ್ಟಿದರೆ ಬೀಳುವಷ್ಟು ಗಿಡದಲ್ಲೇ ಬಿಟ್ಟೆ. ಎರಡರ ಸಾರನ್ನೂ ಮಾಡಿಸಿದೆ. ಒಂದೇ ಗಿಡದ ಈ ಎರಡು ಹಣ್ಣುಗಳ ನಡುವಿನ ಅಂತರ, ರಕ್ಷಕ್‌ಗೂ ವಿಕಾಸ್‌ಗೂ ಇದ್ದ ಅಂತರಕ್ಕಿಂತ ದೊಡ್ಡದಿತ್ತು. ಗಿಡದಲ್ಲೇ ಹಣ್ಣಾದದ್ದರ ಸಾರು ಕುಡಿದು ಅಮ್ಮ, “ಇದು ನಮ್ಮ ನಾಟೀನೇ ತಾನೆ?” ಅಂದಳು. ಚೀಟಿ ತೋರಿಸಿದೆ. “ಬೀಜ ಎಲ್ಲೋ ಬೆರೆತಿರಬೇಕು ಬಿಡು” ಎಂದು ಇನ್ನೊಂದು ಸೌಟು ಹಾಕಿಸಿಕೊಂಡಳು. ಅನ್ನವನ್ನೂ.

ಆ ಹಣ್ಣನ್ನು ಫ್ರಿಜ್ಜಿಗೆ ಮಾತ್ರ ತಳ್ಳಬೇಡಿ. ಐದು ಡಿಗ್ರಿಯಲ್ಲಿ ವಾರ ಇಟ್ಟರೆ ಪರಿಮಳದ ಅಂಶಗಳು ಇಳಿಯುತ್ತವೆ, ಮತ್ತೆ ಹೊರಗಿಟ್ಟರೂ ಪೂರ್ತಿ ಮರಳುವುದಿಲ್ಲ. 2016ರ ಒಂದು ಅಧ್ಯಯನ ಇದನ್ನು ತೋರಿಸಿದೆ.

ಬಿತ್ತನೆಯ ಕಾಲ ಊರಿಗೆ ತಕ್ಕಂತೆ ಬದಲಾಗುತ್ತದೆ. ರಾತ್ರಿಯೂ ಸೆಕೆ ಇದ್ದರೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಬಿಸಿಲು ಬಹಳ ಏರಿದರೆ ಕೆಂಪು ಬಣ್ಣವೂ ಸರಿಯಾಗಿ ಕೂಡದೆ ಹಣ್ಣು ಹಳದಿಯಾಗಿ ಉಳಿಯುತ್ತದೆ. ಹಾಗಾಗಿ ಚೆನ್ನೈ, ಹೈದರಾಬಾದ್, ಮುಂಬೈಯವರು ಮಳೆ ಮುಗಿದ ಮೇಲಿನ ತಂಪು ತಿಂಗಳುಗಳನ್ನೇ ನಂಬಬೇಕು. ದೆಹಲಿಯವರಿಗೆ ಜನವರಿಯ ಕಡು ಚಳಿಯೂ ಅಡ್ಡಿ, ಸಸಿಯನ್ನು ಕಾಪಾಡಿ ಚಳಿ ಕಳೆದ ಮೇಲೆ ನೆಡುವುದು ಮೇಲು. ನೀರನ್ನು ಒಂದು ದಿನ ತುಂಬ, ಎರಡು ದಿನ ಇಲ್ಲ ಎಂದು ಹಾಕಿದರೆ ಹಣ್ಣಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಅದು ರೋಗವಲ್ಲ, ಕ್ಯಾಲ್ಸಿಯಂ ಹಣ್ಣಿನವರೆಗೆ ತಲುಪದ ತೊಂದರೆ.

ಬೀಜಕ್ಕೆ ಹೆಸರಘಟ್ಟದವರ ಆನ್‌ಲೈನ್ ಮಾರಾಟವಿದೆ, ಹೊರರಾಜ್ಯಕ್ಕೂ ಕಳಿಸುತ್ತಾರೆ. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ, ಅದನ್ನು ಪ್ರತಿ ಸಲ ಕೊಳ್ಳಲೇಬೇಕು. ವಿಕಾಸ್ ಮತ್ತು ನಾಟಿಯದನ್ನು ಇಟ್ಟುಕೊಳ್ಳಬಹುದು. ಈ ಸಲ ನಮ್ಮಲ್ಲಿ ರಕ್ಷಕ್‌ಗೆ ನಾಲ್ಕು ಚೀಲ, ನಾಟಿಗೆ ನಾಲ್ಕು, ಮಗಳ ಹಟಕ್ಕೆ ಚೆರ್ರಿಗೆ ಎರಡು. ಉಳಿದ ಆ ಒಂದೇ ನಾಟಿ ಗಿಡದ ಬೀಜವನ್ನು ಅಮ್ಮ ಬೂದಿಯಲ್ಲಿ ಉಜ್ಜಿ, ಮರಾಠಿ ಪೇಪರಿನ ಮೇಲೆ ಒಣಗಿಸಿ, ಅರ್ಧವನ್ನು ಕಾಕುಗೆ ಕೊಟ್ಟಿದ್ದಾಳೆ.