ಉಪ್ಪುಂಡ ಬೈಕಿಗೆ ನೀರು

ಇಂಗ್ಲೆಂಡಿನ ಚೆಷರ್ ಪ್ರಾಂತದ ವಿನ್ಸ್‌ಫರ್ಡ್ ಊರಿನಲ್ಲಿ 1844ರಲ್ಲಿ ಕಲ್ಲಿದ್ದಲನ್ನು ಅರಸಿ ನೆಲ ಕೊರೆದವರಿಗೆ ದೊರೆತದ್ದು ಉಪ್ಪು. ಆ ಗಣಿಯಿಂದ ಇಂದಿಗೂ ಉಪ್ಪು ಮೇಲೆ ಬರುತ್ತಿದೆ; ಆದರೆ ಅದು ಹೋಗುವುದು ಊಟದ ತಟ್ಟೆಗಲ್ಲ, ಚಳಿಗಾಲದ ರಸ್ತೆಗೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ಮಿನುಗುವ ರಾಶಿಗಳನ್ನು ಕಂಡವರಿಗೆ ಇದನ್ನು ಉಪ್ಪೆಂದು ನಂಬಿಸುವುದು ಕಷ್ಟ. ಜೇಡಿಮಣ್ಣು ಬೆರೆತು ಕಂದುಗೆಂಪಾದ ಈ ಹರಳುಗಳ ಋಣದಲ್ಲಿ ನಾನು ಎರಡು ಚಳಿಗಾಲಗಳನ್ನು ಬೈಕಿನ ಮೇಲೆ ಕಳೆದಿದ್ದೇನೆ.

ನಲವತ್ತೆಂಟನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಏರಿದ್ದು ಹವ್ಯಾಸಕ್ಕಲ್ಲ. ಆಸ್ಪತ್ರೆಯಲ್ಲಿ ನನ್ನ ಪಾಳಿ ಬೆಳಗಿನ 7ಕ್ಕೆ ಆರಂಭ. ಮೊದಲ ಬಸ್ಸು ಆ ಹೊತ್ತಿಗೆ ತಲುಪಿಸುವುದಿಲ್ಲ. ಎರಡನೆಯ ಕಾರು ನಮ್ಮ ಅಳವಿನದಲ್ಲ. ‘ಈ ವಯಸ್ಸಿನ ಹೆಂಗಸಿಗೆ ಇದೆಲ್ಲ ಏಕೆ?’ ಎಂದು ಮೈಸೂರಿನಿಂದ ಅತ್ತಿಗೆ ಕೇಳಿದ್ದುಂಟು. ಬ್ರಿಟನ್ನಿನಲ್ಲಿ 1990ರಿಂದ ಕಡ್ಡಾಯವಾಗಿರುವ ಮೂಲ ತರಬೇತಿಯನ್ನು ಮುಗಿಸಿ, ಕೆಂಪು ‘ಎಲ್’ ಫಲಕ ಕಟ್ಟಿಕೊಂಡು, ಯಾರೋ ಬಳಸಿದ್ದ ಹೋಂಡಾ ಸಿಜಿ 125 ಅನ್ನು ಕೊಂಡೆ. ಅದನ್ನೇ ಆರಿಸಲು ಕಾರಣ ಅದರ ಸರಪಳಿ. ಐಡಿಯಲ್ ಜಾವಾ ಕಾರ್ಖಾನೆಯವರು 1961ರಿಂದ ಮೈಸೂರಿನಲ್ಲಿ ತಯಾರಿಸತೊಡಗಿದ ಜಾವಾದಂತೆಯೇ ಇದರ ಸರಪಳಿಯೂ ಕವಚದೊಳಗೆ ಪೂರ್ತಿ ಅಡಗಿದೆ. ಅಲ್ಲಿ ಅದು ಧೂಳಿಗೆ ಅಡ್ಡಿ, ಇಲ್ಲಿ ಉಪ್ಪಿಗೆ. ನೋಟಕ್ಕೆ ಅಂಚೆಯವನ ವಾಹನದಂತಿದ್ದರೂ ನನಗೆ ಬೇಸರವಿಲ್ಲ.

ಉಪ್ಪು ಎರಚಿದೊಡನೆ ರಸ್ತೆ ಸುರಕ್ಷಿತವಾಯಿತೆಂದು ಹಲವರು ನಂಬುತ್ತಾರೆ. ಉಪ್ಪಿಗೆ ಮಂಜುಗಡ್ಡೆಯನ್ನು ಸುಡುವ ಶಕ್ತಿಯೇನೂ ಇಲ್ಲ. ಅದು ತೇವದಲ್ಲಿ ಕರಗಿ ಉಪ್ಪುನೀರಾಗುತ್ತದೆ. ಉಪ್ಪುನೀರು ಹೆಪ್ಪುಗಟ್ಟಲು ಸಿಹಿನೀರಿಗಿಂತ ಹೆಚ್ಚಿನ ಚಳಿ ಬೇಕು. ನೂರಕ್ಕೆ ಇಪ್ಪತ್ತಮೂರು ಪಾಲು ಉಪ್ಪಿರುವ ದ್ರಾವಣ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರುತ್ತದೆ. ಆದರೆ ಇದು ಪ್ರಯೋಗಶಾಲೆಯ ಮಾತು. ರಸ್ತೆಯ ಮೇಲೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಅದರ ಕೆಲಸ ತೀರ ಮಂದ. ಹರಳನ್ನು ಅರೆದು ಹರಡಲು ವಾಹನಗಳ ಚಕ್ರಗಳೂ ಬೇಕು; ಆದುದರಿಂದಲೇ ಭಾನುವಾರದ ಮುಂಜಾವಿನ ನಿರ್ಜನ ರಸ್ತೆಯನ್ನು ನಾನು ಸೋಮವಾರದ್ದಕ್ಕಿಂತ ಹೆಚ್ಚು ಶಂಕಿಸುತ್ತೇನೆ. ಸಂಜೆ ಉಪ್ಪು ಬಿದ್ದ ಮೇಲೆ ಮಳೆ ಸುರಿದು, ಬಳಿಕ ಆಕಾಶ ತಿಳಿಯಾದ ರಾತ್ರಿಯಂತೂ ಎಲ್ಲಕ್ಕಿಂತ ಕೆಟ್ಟದ್ದು: ಉಪ್ಪು ಚರಂಡಿ ಸೇರಿರುತ್ತದೆ, ತೇವ ಉಳಿದಿರುತ್ತದೆ.

ಉಪ್ಪಿನ ಲಾರಿಗಳು ಮುಖ್ಯ ರಸ್ತೆಗಳಿಗೆ ಬರುತ್ತವೆಯೇ ಹೊರತು ನಮ್ಮ ಓಣಿಗೆ ಬರುವುದಿಲ್ಲ. ಮನೆಯಿಂದ ಮುಖ್ಯ ರಸ್ತೆಯವರೆಗಿನ ಇನ್ನೂರು ಗಜವೇ ನನ್ನ ಪ್ರಯಾಣದ ಅತ್ಯಂತ ಅಪಾಯದ ಭಾಗ. ಅಲ್ಲಿ ಬೈಕನ್ನು ತಳ್ಳಿಕೊಂಡೇ ನಡೆಯುತ್ತೇನೆ. ನೆರೆಯವರು ನಗುತ್ತಾರೆ, ನಗಲಿ. ಮುಂದೆ ಕಾರುಗಳ ಚಕ್ರ ಹಾದ ಜಾಡಿನಲ್ಲಿಯೇ ಸಾಗುವುದು, ಬಳಿದ ಬಿಳಿಗೆರೆಗಳ ಮೇಲೂ ಕಬ್ಬಿಣದ ಮುಚ್ಚಳಗಳ ಮೇಲೂ ಬ್ರೇಕ್ ಮುಟ್ಟದಿರುವುದು, ಮುಂದಿನ ವಾಹನದಿಂದ ಬಹುದೂರ ಉಳಿಯುವುದು. ಉಪ್ಪು ಗಾಳಿಯ ತೇವವನ್ನೂ ಹೀರುವುದರಿಂದ ಮಳೆಯಿಲ್ಲದ ದಿನವೂ ರಸ್ತೆ ಒದ್ದೆಯಾಗಿರುತ್ತದೆ. ಹಿಮ ಬಿದ್ದ ದಿನ ಟ್ಯಾಕ್ಸಿ. ಅದರ ಹಣವನ್ನು ಅಕ್ಟೋಬರಿನಲ್ಲಿಯೇ ಎತ್ತಿಟ್ಟಿರುತ್ತೇನೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ನಮ್ಮಲ್ಲಿದೆ. ಬೈಕಿಗೂ ಅದೇ ನಿಯಮ. ಪಾಳಿ ಮುಗಿಸಿ ಎಷ್ಟೇ ದಣಿದು ಬಂದರೂ ಎರಡು ಬಕೆಟ್ ತಣ್ಣೀರನ್ನು ಚಕ್ರದ ಕಡ್ಡಿಗಳಿಗೆ, ಎಂಜಿನ್ನಿನ ತಳಕ್ಕೆ, ಮಡ್‌ಗಾರ್ಡಿನ ಒಳಮೈಗೆ ಸುರಿಯದೆ ಒಳಹೋಗುವುದಿಲ್ಲ. ಬಿಸಿನೀರು ಸಲ್ಲದು, ಬೆಚ್ಚನೆಯ ಗ್ಯಾರೇಜೂ ಸಲ್ಲದು. ಶಾಖ ಹೆಚ್ಚಿದಷ್ಟೂ ಉಪ್ಪುನೀರು ಲೋಹವನ್ನು ಬೇಗ ತಿನ್ನುತ್ತದೆ. ಅಲ್ಯೂಮಿನಿಯಮ್ಮಿಗೆ ಉಕ್ಕಿನ ಬೋಲ್ಟು ಕೂಡಿದ ಸಂದು ಅದಕ್ಕೆ ಬಲು ಪ್ರಿಯ. ಉಪ್ಪುನೀರು ನಡುವೆ ನಿಂತರೆ ಅದೊಂದು ಪುಟ್ಟ ವಿದ್ಯುತ್‌ಕೋಶವೇ ಆಗಿ, ಬೋಲ್ಟು ಕಚ್ಚಿಕೊಂಡು ಮುರಿಯುವವರೆಗೂ ಸಡಿಲವಾಗುವುದಿಲ್ಲ. ಚಳಿಗಾಲಕ್ಕೆ ಮುನ್ನ ಅಂತಹ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಗ್ರೀಸ್ ಸವರಿ ಮತ್ತೆ ಕೂರಿಸುತ್ತೇನೆ. ವಿಮಾನಗಳಿಗೂ ಬಳಸುವ ಎಸಿಎಫ್-50 ಎಂಬ ತುಕ್ಕುತಡೆ ಎಣ್ಣೆಯನ್ನು ಉಳಿದೆಡೆ ಲೇಪಿಸುತ್ತೇನೆ. ಬ್ರೇಕಿನ ಬಳಿ ಮಾತ್ರ ಅದನ್ನು ಸುಳಿಯಗೊಡುವುದಿಲ್ಲ.

ಮಾರ್ಚ್ ಕೊನೆಯ ಮಳೆಗಳು ರಸ್ತೆಯನ್ನು ತೊಳೆದ ಮೇಲೆ ಹಿಂಚಕ್ರದ ಅಚ್ಚಿನ ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡುವುದು ನನ್ನ ವಾರ್ಷಿಕ ಪರೀಕ್ಷೆ. ಈ ವಸಂತದಲ್ಲಿ ಅದು ಮೊದಲ ಎಳೆತಕ್ಕೇ ಸಡಿಲಿತು. ತುಕ್ಕು ಹಿಡಿದ ಎರಡು ಕಡ್ಡಿಗಳನ್ನು ಬದಲಾಯಿಸಿದ್ದಾಗಿದೆ.