ನಾಳೆಯಿಂದ ಓದುತ್ತೇನೆ ಎನ್ನುವ ಮಕ್ಕಳು

ಸೂರಃ ಅಲ್ ಅಸ್ರ್ ಕಾಲದ ಆಣೆಯೊಂದಿಗೆ ಆರಂಭವಾಗುತ್ತದೆ. ನಮ್ಮ ಮಕ್ಕಳು ಅದನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿರುತ್ತಾರೆ. ಸಮಯದ ಬೆಲೆಯ ಕುರಿತು ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿರುತ್ತಾರೆ. ಆದರೂ ಪದವಿ ತರಗತಿಗೆ ಸೇರಿದ ಮೇಲೆ ಅನೇಕರ ಬಾಯಲ್ಲಿ ಬರುವ ಮಾತು ಒಂದೇ: "ನಾಳೆಯಿಂದ ಓದುತ್ತೇನೆ." ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮನೆಗಳಲ್ಲಿ ಇದು ಹೊಸ ದೂರೇನಲ್ಲ. ಹುಡುಗ ಬುದ್ಧಿವಂತ, ಆದರೆ ಪುಸ್ತಕ ಮುಟ್ಟುವುದಿಲ್ಲ. ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು, ಈಗ ಅಸೈನ್‌ಮೆಂಟ್ ಬರೆಯಲು ಕೊನೆಯ ರಾತ್ರಿಯವರೆಗೂ ಕೂರುವುದಿಲ್ಲ. ನಾವು ಇದಕ್ಕೆ ಕೂಡಲೇ ಕೊಡುವ ಹೆಸರು ಸೋಮಾರಿತನ. ಈ ಹೆಸರು ಸರಿಯೇ ಎಂದು ಮೊದಲು ನೋಡೋಣ. ಕಾಯಿಲೆಯನ್ನು ತಪ್ಪಾಗಿ ಗುರುತಿಸಿದರೆ ಔಷಧಿಯೂ ತಪ್ಪುತ್ತದೆ.

ಸೋಮಾರಿಗೆ ಕೆಲಸ ಉಳಿದಿದೆ ಎಂಬ ಚಿಂತೆ ಇರುವುದಿಲ್ಲ. ಮುಂದೂಡುವವನಿಗೆ ಆ ಚಿಂತೆ ದಿನವಿಡೀ ಇರುತ್ತದೆ. ಪುಸ್ತಕ ತೆರೆದೊಡನೆ ಭಯ, ಬೇಸರ, ಕೀಳರಿಮೆ ಬರುತ್ತವೆ. ಪುಸ್ತಕ ಮುಚ್ಚಿ ಮೊಬೈಲ್ ಹಿಡಿದರೆ ಅವು ತಕ್ಷಣ ಮರೆಯಾಗುತ್ತವೆ. ಆ ಕ್ಷಣದ ನೆಮ್ಮದಿಯೇ ಚಟವಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಫ್ಯೂಶಿಯಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ವಿವರಿಸಿದ್ದಾರೆ. ಅವರ ಪ್ರಕಾರ ಮುಂದೂಡುವಿಕೆಯ ಬೇರು ಸಮಯ ಹೊಂದಿಸಲಾಗದ್ದರಲ್ಲಿಲ್ಲ, ಬೇಡದ ಭಾವನೆಯಿಂದ ಓಡಿಹೋಗುವುದರಲ್ಲಿದೆ. 1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದೆ. ಅದರಲ್ಲಿ ಓದನ್ನು ಮುಂದೂಡುತ್ತಿದ್ದ ವಿದ್ಯಾರ್ಥಿಗಳು ಸೆಮಿಸ್ಟರ್‌ನ ಆರಂಭದಲ್ಲಿ ಇತರರಿಗಿಂತ ನಿರಾಳವಾಗಿದ್ದರು. ಕೊನೆಗೆ ಹೆಚ್ಚು ಒತ್ತಡ ಅನುಭವಿಸಿದವರೂ, ಕಡಿಮೆ ಅಂಕ ಪಡೆದವರೂ ಅವರೇ.

ನಮ್ಮ ಮಕ್ಕಳಿಗೆ ಈ ಭಯ ಬರಲು ಕಾರಣಗಳಿವೆ. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರು ಬಿಎಸ್ಸಿ, ಬಿಕಾಂ ಸೇರಿದರೆ ಪಠ್ಯಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಒಂದು ಪುಟ ಓದಲು ಒಂದು ಗಂಟೆ ಹಿಡಿದರೆ ಎರಡನೇ ಪುಟ ತಿರುವಲು ಮನಸ್ಸು ಬರುವುದಿಲ್ಲ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಾದರೆ ಕೇಳಲು ಯಾರೂ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಮನೆಗೆಲಸ ಮುಗಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಪರಶುರಾಂಪುರದಿಂದಲೋ ರಾಂಪುರದಿಂದಲೋ ಬಸ್ಸಿನಲ್ಲಿ ಬಂದು ಹೋಗುವವರಿಗೆ ದಾರಿಯಲ್ಲೇ ದಣಿವಾಗುತ್ತದೆ. "ನೀನು ಸೋಮಾರಿ" ಎಂಬ ಬೈಗುಳದಿಂದ ಈ ಯಾವ ಕಾರಣವೂ ನೀಗುವುದಿಲ್ಲ. ಓದಿನ ಜೊತೆಗೆ ಅಂಟಿಕೊಂಡ ಕಹಿ ಮಾತ್ರ ಇನ್ನಷ್ಟು ಹೆಚ್ಚುತ್ತದೆ.

ಮತ್ತೊಂದು ಕಾರಣವನ್ನು ನಮ್ಮ ಹೊಲಗಳೇ ತಿಳಿಸುತ್ತವೆ. ಚಳ್ಳಕೆರೆ ಶೇಂಗಾ ಸೀಮೆ, ಎಣ್ಣೆ ಗಿರಣಿಗಳ ಊರು. ಮಳೆ ಕಡಿಮೆ. ಭೂಮಿ ಹದವಾದಾಗ ಬಿತ್ತದಿದ್ದರೆ ಹದ ಆರಿಹೋಗುತ್ತದೆ. ಆದ್ದರಿಂದ "ಮುಂದಿನ ವಾರ ಬಿತ್ತೋಣ" ಎಂದು ಯಾವ ರೈತನೂ ಕೂರುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ಹಾಗಲ್ಲ. ಅದು ತಿಂಗಳುಗಳ ದೂರದಲ್ಲಿರುತ್ತದೆ, ಇಂದು ಓದದಿದ್ದರೆ ಇಂದೇ ನಷ್ಟ ಕಾಣುವುದಿಲ್ಲ. ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಇದೇ ಅಂಶವಿದೆ. ಕೆಲಸ ಅಪ್ರಿಯವಾದಷ್ಟೂ, ಫಲ ದೂರವಿದ್ದಷ್ಟೂ, ತನ್ನಿಂದಾಗುತ್ತದೆ ಎಂಬ ನಂಬಿಕೆ ಕುಗ್ಗಿದಷ್ಟೂ ಮುಂದೂಡುವಿಕೆ ಹೆಚ್ಚುತ್ತದೆ.

ಆದರೆ ನಷ್ಟ ಕಾಣದಿದ್ದರೂ ನಷ್ಟ ಆಗಿಯೇ ಆಗುತ್ತದೆ. ಆಂತರಿಕ ಅಂಕಗಳು ಹೋಗುತ್ತವೆ, ಒಂದೆರಡು ವಿಷಯ ಬಾಕಿ ಉಳಿಯುತ್ತವೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇವೆಲ್ಲವನ್ನೂ ಕೊನೆಯ ವಾರಕ್ಕೆ ಬಿಟ್ಟವರು ಆ ವರ್ಷದ ಹಣವನ್ನೇ ಕಳೆದುಕೊಳ್ಳುತ್ತಾರೆ. ಮಗ್ಗದ ಕೂಲಿಯಲ್ಲಿ ಅಥವಾ ಹಮಾಲಿಯಲ್ಲಿ ಮನೆ ನಡೆಸುವ ತಂದೆಗೆ ಅದು ಸಣ್ಣ ಮೊತ್ತವಲ್ಲ. ಮಗಳಾದರೆ ಮಾತು ಇನ್ನೂ ಗಂಭೀರ. ಎರಡು ವಿಷಯ ಫೇಲಾದರೆ "ಓದಿದ್ದು ಸಾಕು" ಎಂಬ ಮಾತು ಮನೆಯಲ್ಲಿ ಎದ್ದುಬಿಡುತ್ತದೆ. ಮುಂದೂಡಿದ್ದು ಒಂದು ಅಧ್ಯಾಯ, ನಿಂತುಹೋದದ್ದು ಇಡೀ ಶಿಕ್ಷಣ.

ಹಾಗಾದರೆ ಪರಿಹಾರವೇನು?

ಮೊದಲನೆಯದು, ಕಳೆದದ್ದನ್ನು ತಲೆಯ ಮೇಲೆ ಹೊತ್ತುಕೊಂಡು ಕೂರಬಾರದು. ತೌಬಾ ಎಂದರೆ ಮರಳುವುದು. ತಪ್ಪನ್ನು ಒಪ್ಪಿಕೊಂಡು, ಅದನ್ನು ಬಿಟ್ಟು, ಸರಿದಾರಿಗೆ ಬರುವುದು. ತನ್ನನ್ನು ತಾನೇ ಹಳಿದುಕೊಳ್ಳುತ್ತಾ ಕೂರುವುದು ತೌಬಾ ಅಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಹೊಂದುತ್ತದೆ. ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು.

ಇದೇ ಮಾತಿಗೆ ನಮ್ಮ ನೆಲದಲ್ಲೇ ಹಳೆಯ ಸಾಕ್ಷಿಯೊಂದಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಸಾಮ್ರಾಟ ಅಶೋಕನ ಬಂಡೆ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಅಶೋಕ ಬೌದ್ಧ ಧರ್ಮದ ಅನುಯಾಯಿಯಾಗಿದ್ದ ದೊರೆ. ಆದರೆ ಆ ಕಲ್ಲಿನ ಮಾತು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೇಳಬೇಕಾದದ್ದು. ಉಪಾಸಕನಾದ ಮೇಲೂ ಒಂದು ವರ್ಷ ತಾನು ಸರಿಯಾಗಿ ಪ್ರಯತ್ನ ಪಡಲಿಲ್ಲ, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಶ್ರಮಿಸುತ್ತಿದ್ದೇನೆ ಎಂದು ಆತ ಅದರಲ್ಲಿ ತಿಳಿಸುತ್ತಾನೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನಿಗೂ ಸಿಗುತ್ತದೆ ಎನ್ನುತ್ತಾನೆ. ಸಾಮ್ರಾಜ್ಯ ಆಳಿದವನೇ ಒಂದು ವರ್ಷದ ಸಡಿಲಿಕೆಯನ್ನು ಕಲ್ಲಿನಲ್ಲಿ ಬರೆಸಿ ಮುಂದೆ ನಡೆದ. ಒಂದು ಸೆಮಿಸ್ಟರ್ ಹಾಳಾಯಿತೆಂದು ನಮ್ಮ ಮಕ್ಕಳು ಎದೆಗುಂದಬೇಕಿಲ್ಲ.

ಎರಡನೆಯದು, ಸಣ್ಣದಾಗಿ ಆರಂಭಿಸಬೇಕು. ಪ್ರಮಾಣದಲ್ಲಿ ಕಡಿಮೆಯಿದ್ದರೂ ತಪ್ಪದೆ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬುದು ಪ್ರವಾದಿ(ಸ)ರ ಬೋಧನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು ಒಂದೊಂದೇ ಎಳೆ ಹಾಕಿ ಮುಂದೆ ಹೋಗುತ್ತಾರೆ, ಇಡೀ ಸೀರೆಯ ಚಿಂತೆ ಮಾಡುತ್ತಾ ಮಗ್ಗದ ಮುಂದೆ ಕೂರುವುದಿಲ್ಲ. "ಇಂದು ಅರ್ಥಶಾಸ್ತ್ರ ಮುಗಿಸುತ್ತೇನೆ" ಎನ್ನುವ ಬದಲು "ಮೊದಲ ಘಟಕದ ಎರಡು ಪುಟ ಓದಿ, ಗೊತ್ತಿಲ್ಲದ ಐದು ಪದಗಳ ಅರ್ಥ ಬರೆಯುತ್ತೇನೆ" ಎನ್ನಿ. ಹುಮ್ಮಸ್ಸು ಬಂದ ಮೇಲೆ ಓದೋಣ ಎಂದು ಕಾಯಬೇಡಿ. ಹತ್ತು ನಿಮಿಷ ಓದಿದ ಮೇಲೆ ಅದು ತಾನಾಗಿ ಬರುವುದೇ ಹೆಚ್ಚು.

ಮೂರನೆಯದು, ಕೆಲಸಕ್ಕೆ ಗೊತ್ತಾದ ಗಳಿಗೆ ಇರಬೇಕು. ಯಾವಾಗ, ಎಲ್ಲಿ, ಏನು ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿದವರು ಅದನ್ನು ಮಾಡಿ ಮುಗಿಸುವ ಸಾಧ್ಯತೆ ಹೆಚ್ಚು ಎಂದು ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆ ತೋರಿಸಿದೆ. ನಮಗೆ ಈ ಗಳಿಗೆಗಳನ್ನು ಹುಡುಕುವ ಕಷ್ಟವಿಲ್ಲ, ದಿನದಲ್ಲಿ ಐದು ಬಾರಿ ಅಝಾನ್ ಕೇಳುತ್ತದೆ. ಫಜ್ರ್ ನಂತರ ಅರ್ಧ ಗಂಟೆ ಕಠಿಣ ವಿಷಯ, ಮಗ್‌ರಿಬ್ ನಂತರ ಅಂದಿನ ಪಾಠದ ಟಿಪ್ಪಣಿ. ಆ ಅರ್ಧ ಗಂಟೆ ಮೊಬೈಲ್ ತಾಯಿಯ ಬಳಿ ಇರಲಿ.

ಇಲ್ಲಿ ಒಂದು ಎಚ್ಚರಿಕೆ. "ಇನ್‌ಶಾ ಅಲ್ಲಾಹ್ ನಾಳೆ ಓದುತ್ತೇನೆ" ಎಂದು ತಪ್ಪಿಸಿಕೊಳ್ಳಲು ಆ ಪವಿತ್ರ ಮಾತನ್ನು ಬಳಸಬಾರದು. ನಾಳೆ ಮಾಡುವ ಕೆಲಸದ ಬಗ್ಗೆ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಬೇಕೆಂದು ಸೂರಃ ಅಲ್ ಕಹ್ಫ್ ಕಲಿಸುತ್ತದೆ. ಅದು ಮಾಡುವ ಸಂಕಲ್ಪ ಇರುವವನ ಮಾತು, ಬಿಟ್ಟುಬಿಡುವವನ ನೆಪವಲ್ಲ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. "ಓದಿದೆಯಾ?" ಎಂದು ಕೇಳುವ ಬದಲು "ಯಾವುದು ಕಷ್ಟವಾಗುತ್ತಿದೆ?" ಎಂದು ಕೇಳಿ. ಮಗಳ ಓದಿಗೂ ಮಗನ ಓದಿಗೆ ಕೊಡುವಷ್ಟೇ ಬಿಡುವು ಕೊಡಿ. ಜಮಾಅತಿನ ಹಿರಿಯರು ಮಸೀದಿ ಅಥವಾ ಮದ್ರಸಾದ ಒಂದು ಕೋಣೆಯನ್ನು ಸಂಜೆ ಎರಡು ಗಂಟೆ ಓದುವವರಿಗೆ ಬಿಟ್ಟುಕೊಟ್ಟರೆ, ಹೆಣ್ಣುಮಕ್ಕಳಿಗೂ ಪ್ರತ್ಯೇಕ ಜಾಗ ಮಾಡಿದರೆ, ಹೆಚ್ಚಿನ ಖರ್ಚಿಲ್ಲ. ಪದವಿ ಮುಗಿಸಿದ ಯುವಕ ಯುವತಿಯರು ವಾರಕ್ಕೊಮ್ಮೆ ಬಂದು ಇಂಗ್ಲಿಷ್ ಪಠ್ಯ ಅರ್ಥ ಮಾಡಿಸಿದರೆ ಅರ್ಧ ಭಯ ಹೋಗುತ್ತದೆ.

ಕೆಲವು ಮಕ್ಕಳದು ಬರೀ ಮುಂದೂಡುವಿಕೆ ಆಗಿರುವುದಿಲ್ಲ. ವಾರಗಟ್ಟಲೆ ನಿದ್ದೆ ಊಟ ಸೇರದೆ, ಯಾರೊಂದಿಗೂ ಮಾತಿಲ್ಲದೆ, ಬದುಕೇ ಬೇಡ ಎನ್ನುವಂತಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಇಂದಿನ ಇಶಾ ನಮಾಝ್‌ಗೆ ಇನ್ನೂ ಸಮಯವಿದೆ. ಅದಕ್ಕೆ ಮೊದಲು ಎರಡು ಪುಟ ಓದಿ. ನಿಮ್ಮ ಸಮಯದಲ್ಲಿ ಅಲ್ಲಾಹನು ಬರ್ಕತ್ ನೀಡಲಿ, ನಿಮ್ಮ ಜ್ಞಾನವನ್ನು ನಿಮಗೂ ಸಮಾಜಕ್ಕೂ ಪ್ರಯೋಜನಕಾರಿಯಾಗಿಸಲಿ. ಆಮೀನ್.